ಗಂಗಲಕ್ಷ್ಮಮ್ಮನ ನಡಿಗೆ

ಕೆಲಸ ಮಾಡುವಾಗ ಅಷ್ಟಾಗಿ ಕಾಣುತ್ತಿರಲಿಲ್ಲ. ಗಂಗಲಕ್ಷ್ಮಮ್ಮ ಕೂತು ಬಲಗೈಯನ್ನು ತೊಡೆಯ ಮೇಲಿಟ್ಟರೆ ಮಾತ್ರ ಹೆಬ್ಬೆರಳು ತಾನಾಗಿ ಆಡತೊಡಗುತ್ತಿತ್ತು, ದೀಪದ ಬತ್ತಿ ಹೊಸೆಯುವವರ ಬೆರಳಿನಂತೆ. ಅರವತ್ತೇಳನೇ ಇಸವಿಯ ಮಾತು. ಆಕೆಗಿನ್ನೂ ಐವತ್ತು ತುಂಬಿರಲಿಲ್ಲ. ಗಂಡ ವೆಂಕಟರಾಯಪ್ಪ ದೇವನಹಳ್ಳಿಯ ಆಚೆಗಿದ್ದ ತಮ್ಮ ಹೊಲದಲ್ಲಿ ರಾಗಿ, ಆಲೂಗಡ್ಡೆ ಬೆಳೆಯುತ್ತಿದ್ದ. ಒಬ್ಬಳೇ ಮಗಳು ಸೊಣ್ಣಮ್ಮನಿಗೆ ಮದುವೆಯ ಮಾತು ನಡೆಯುತ್ತಿತ್ತು. ಹಾಗಾಗಿ ಕೈ ನಡುಗುವುದನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೇ ಆಕೆ ಮಗಳ ಧಾರೆ ಮುಗಿಸಿದಳು.

ಆಮೇಲೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋದರು. ಡಾಕ್ಟರು ಆಕೆಯನ್ನು ನಡೆಸಿ, ಕೈ ಮಡಿಸಿ ಬಿಡಿಸಿ ನೋಡಿ, ಇದು ನರದ ಕಾಯಿಲೆ, ಪೂರ್ತಿ ವಾಸಿಯಾಗುವುದಿಲ್ಲ, ಹತೋಟಿಯಲ್ಲಿ ಇಡಬಹುದು ಎಂದರು. ಅವರು ಕೊಟ್ಟ ಮಾತ್ರೆ ನುಂಗಿದರೆ ನಡುಕ ತುಸು ತಗ್ಗುತ್ತಿತ್ತು. ಆದರೆ ಬಾಯಿ ಒಣಗಿ ನಾಲಗೆ ಅಂಗುಳಕ್ಕೆ ಅಂಟುತ್ತಿತ್ತು, ಒಲೆಯ ಮೇಲೆ ಏನಿಟ್ಟೆನೆಂಬುದೇ ಮರೆತುಹೋಗುತ್ತಿತ್ತು. ಒಂದು ಸಲ ಎಸರು ಬತ್ತಿ ತಳ ಸೀದು ಮನೆಯೆಲ್ಲ ಹೊಗೆ ತುಂಬಿದ ಮೇಲೆ ಆಕೆ ಮಾತ್ರೆ ಬಿಟ್ಟಳು.

ಮನೆಮದ್ದು ಶುರುವಾಯಿತು. ಹರಳೆಣ್ಣೆ ಬಿಸಿ ಮಾಡಿ ತಿಕ್ಕಿ, ಲಕ್ಕಿಸೊಪ್ಪು ಕುದಿಸಿದ ನೀರು ಹೊಯ್ದುಕೊಳ್ಳುತ್ತಿದ್ದಳು. ಮೈಯ ಬಿಗಿ ಸಡಿಲಾಗಿ ಆ ರಾತ್ರಿ ನಿದ್ದೆ ಬರುತ್ತಿತ್ತು, ಅಷ್ಟೇ. ಹೊಸಕೋಟೆ ಕಡೆಯಿದ್ದ ಆಕೆಯ ತಮ್ಮ ಗೋಪಾಲಪ್ಪನಿಗೆ ಅಷ್ಟು ಸಾಲದಾಯಿತು. ವಾಯು ಹೊರಗೆ ಹೋಗಬೇಕಾದರೆ ಬರೆ ಹಾಕಲೇಬೇಕು ಎನ್ನುವವನೊಬ್ಬನನ್ನು ಕರೆದುಕೊಂಡು ಬಂದ. ವೆಂಕಟರಾಯಪ್ಪ ಆಗ ಮನೆಯಲ್ಲಿರಲಿಲ್ಲ. ಗಂಗಲಕ್ಷ್ಮಮ್ಮ ತಾನೇ ಕೈ ಚಾಚಿದಳು.

ಸಂಜೆ ಬಂದ ಗಂಡ ಮಣಿಕಟ್ಟಿನ ಮೇಲೆದ್ದ ಬೊಬ್ಬೆ ನೋಡಿ ಬಾಗಿಲಲ್ಲೇ ಕೂತುಬಿಟ್ಟ.

"ನನ್ನ ಒಂದು ಮಾತು ಕೇಳ್ಬಾರ್ದಾಗಿತ್ತಾ?"

"ಕೇಳಿದ್ರೆ ಬೇಡ ಅಂತಿದ್ರಿ. ನಡುಕ ನಿಂತ್ರೆ ಸಾಕು ಅಂತ ಕೈ ಕೊಟ್ಟೆ."

ನಡುಕ ನಿಲ್ಲಲಿಲ್ಲ. ಗಾಯ ಕೀವಾಗಿ ಜ್ವರ ಬಂತು. ನೋಡಲು ಬಂದ ಗೋಪಾಲಪ್ಪ ತಲೆ ತಗ್ಗಿಸಿ ನಿಂತಿದ್ದಾಗ ಆಕೆ ಹೇಳಿದಳು: "ನಿನ್ನ ಮೇಲೆ ಸಿಟ್ಟಿಲ್ಲ ಕಣೋ. ಕುಡಿಯೋದಿದ್ರೆ ಕುಡೀತೀನಿ, ಹಚ್ಚೋದಿದ್ರೆ ಹಚ್ಕೋತೀನಿ. ಸುಡೋದು ಮಾತ್ರ ಇನ್ನು ಬೇಡ."

ಅವನು ಕುಡಿಯುವುದನ್ನೇ ಹುಡುಕಿ ತಂದ. ನಸುಗುನ್ನಿ ಬೀಜವನ್ನು ಹಾಲಲ್ಲಿ ಬೇಯಿಸಿ, ಸಿಪ್ಪೆ ತೆಗೆದು, ಒಣಗಿಸಿ ಮಾಡಿದ ಪುಡಿ, ನೀರಿಗೆ ಕಲಸಿ ಕುಡಿಯಲು. ಮೊದಮೊದಲು ವಾಂತಿಯಾಯಿತು. ಒಗ್ಗಿದ ಮೇಲೆ ಕೆಲವು ದಿನ ಮೈ ಹಗುರಾಗಿ ತಲೆ ತಾನೇ ಬಾಚಿಕೊಳ್ಳುವಂತಾದಳು, ಕೆಲವು ದಿನ ಏನೂ ಆಗಲಿಲ್ಲ. ಹೀಗೆ ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಕಾಯಿಲೆ ಕಾಲಿಗೂ ಇಳಿಯಿತು. ಇಕ್ಕಟ್ಟಾದ ಕಡೆ, ಜನ ಇರುವ ಕಡೆ, ನಡೆಯುತ್ತಿದ್ದವಳು ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದಳು. ಪಾದ ನೆಲಕ್ಕೆ ಅಂಟಿದ ಹಾಗೆ. ಯಾರಾದರೂ ಕೈ ಹಿಡಿದೆಳೆದರೆ ಮುಗ್ಗರಿಸುತ್ತಿದ್ದಳು.

ಒಂದು ಬೆಳಿಗ್ಗೆ ಗಂಡನ ಜೊತೆ ಹೊಲಕ್ಕೆ ಹೋದಾಗ ದಾರಿಯಲ್ಲೇ ಎರಡು ಸಲ ನಿಂತಳು. ಹೊಲದಲ್ಲಿ ಆಲೂಗಡ್ಡೆಗೆ ಮಣ್ಣು ಏರಿಸಿದ ಸಾಲುಗಳಿದ್ದವು. ಅವುಗಳನ್ನು ಅಡ್ಡ ದಾಟಬೇಕು. ವೆಂಕಟರಾಯಪ್ಪ ಕೈ ಕೊಡಲು ತಿರುಗುವಷ್ಟರಲ್ಲಿ ಆಕೆ ಒಂದೊಂದೇ ಸಾಲು ದಾಟುತ್ತಾ, ಮದುವೆಯಾದ ಹೊಸದರಲ್ಲಿ ನಡೆಯುತ್ತಿದ್ದಂತೆ ನಡೆದು ಬಾವಿಯ ಹತ್ತಿರ ಹೋಗಿ ನಿಂತಿದ್ದಳು.

"ಹೆಂಗೆ ಬಂದ್ಬಿಟ್ಟೆ?"

"ಗೊತ್ತಿಲ್ಲ. ದಾಟೋಕೆ ಏನಾದ್ರೂ ಎದುರಿಗಿದ್ರೆ ಕಾಲು ಏಳ್ತದೆ."

ಮಧ್ಯಾಹ್ನ ಅವನು ಮನೆಯ ನೆಲದ ಮೇಲೆ ಅಡ್ಡಡ್ಡ ಸುಣ್ಣದ ಗೆರೆ ಎಳೆದ. ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಹಿತ್ತಲಿಗೆ. ಗಂಗಲಕ್ಷ್ಮಮ್ಮ ಗೆರೆ ದಾಟುತ್ತಾ ಮನೆಯೆಲ್ಲ ಓಡಾಡಿದಳು. ಯಾರೋ ಮಾಟ ಮಾಡಿಸಿದ್ದಾರೆ, ಅದಕ್ಕೇ ಗೆರೆ ಎಂದು ಕೇರಿಯಲ್ಲಿ ಮಾತಾಯಿತು. "ಮಾಡ್ಸಿದ್ರೆ ಒಳ್ಳೇದೇ ಮಾಡ್ಸವ್ರೆ" ಎಂದು ನಕ್ಕಳು. ಕೈ ಮಾತ್ರ ಹಾಗೆಯೇ ನಡುಗುತ್ತಿತ್ತು.

ಎಪ್ಪತ್ತೊಂದರಲ್ಲಿ ಸೊಣ್ಣಮ್ಮನಿಗೆ ಸೀಮಂತ. ಮಗಳ ಮಡಿಲು ತುಂಬಿ, ಹೆರಿಗೆಗೆ ತವರಿಗೆ ಕರೆತರಬೇಕಾದದ್ದು ತಾಯಿ. ಬೇರೆ ಯಾರನ್ನಾದರೂ ಕಳಿಸೋಣವೆಂದು ಗೋಪಾಲಪ್ಪ ಅಂದದ್ದಕ್ಕೆ ಗಂಗಲಕ್ಷ್ಮಮ್ಮ ಒಪ್ಪಲಿಲ್ಲ.

ಬೀಗರ ಹಜಾರದ ತುಂಬ ಹೆಂಗಸರು ಕೂತಿದ್ದರು. ನಡುವೆ ಒಬ್ಬರು ಹೋಗುವಷ್ಟೇ ದಾರಿ. ಆ ಕೊನೆಯಲ್ಲಿ ಹಸೆಯ ಮೇಲೆ ಸೊಣ್ಣಮ್ಮ. ಬಾಗಿಲು ದಾಟಿ ಬಂದ ಗಂಗಲಕ್ಷ್ಮಮ್ಮ ಅಲ್ಲೇ ನಿಂತುಹೋದಳು. ಎಲ್ಲರೂ ನೋಡುತ್ತಿದ್ದಂತೆ ಆಕೆಯ ಕೈಯ ನಡುಕ ಇನ್ನೂ ಹೆಚ್ಚಿತು.

ಹಿಂದಿದ್ದ ವೆಂಕಟರಾಯಪ್ಪ ಪಕ್ಕಕ್ಕೆ ಬಂದು ತನ್ನ ಕಾಲನ್ನು ಅವಳೆದುರಿಗೆ ಅಡ್ಡವಾಗಿ ಇಟ್ಟ.

"ದಾಟು."

"ನಿಮ್ಮ ಕಾಲಾ? ಬೇಡಿ. ಎಲ್ರೂ ನೋಡ್ತವ್ರೆ."

"ಗಂಡನ ಕಾಲು ದಾಟ್ಬಾರ್ದಲ್ವಾ ತಾಯಿ" ಎಂದು ಕೂತಿದ್ದ ಮುದುಕಿಯೊಬ್ಬಳು ಅಂದಳು.

"ನೋಡ್ಲಿ. ನಮ್ಮ ಮಗಳು ಕಾಯ್ತವ್ಳೆ, ದಾಟು."

ಗಂಗಲಕ್ಷ್ಮಮ್ಮ ಮಗಳ ಕಡೆ ನೋಡಿದಳು. ಕಾಲು ಎದ್ದಿತು. ಅವನು ಮತ್ತೆ ಮುಂದೆ ಹೋಗಿ ಕಾಲಿಟ್ಟ, ಅವಳು ಮತ್ತೆ ದಾಟಿದಳು. ಹೀಗೇ ಹಸೆಯವರೆಗೂ ಬಂದರು. ಮಡಿಲಿಗೆ ಹಾಕುವಾಗ ಬೊಗಸೆಯ ಅಕ್ಕಿ ಅರ್ಧ ನೆಲಕ್ಕೆ ಚೆಲ್ಲಿತು. ಸೊಣ್ಣಮ್ಮ ತಾಯಿಯ ಎರಡೂ ಕೈಗಳನ್ನು ಹಿಡಿದು ತನ್ನ ಮಡಿಲಲ್ಲೇ ಇಟ್ಟುಕೊಂಡಳು. ಮುದುಕಿ ಚೆಲ್ಲಿದ ಅಕ್ಕಿಯನ್ನು ಬಳಿದು ತಟ್ಟೆಗೆ ಹಾಕಿದಳು.

ಆಮೇಲೆ ನಾಲ್ಕಾರು ವರ್ಷ ಆಕೆ ಓಡಾಡಿಕೊಂಡಿದ್ದಳು. ಕೊನೆಗೆ ಗೆರೆಯೂ ಕೆಲಸ ಮಾಡದೆ ಹಾಸಿಗೆ ಹಿಡಿದಳು. ಆಸ್ಪತ್ರೆಯಲ್ಲಿ ಹೊಸ ಮಾತ್ರೆ ಬಂದಿದೆಯೆಂದು ಗೋಪಾಲಪ್ಪ ಕೇಳಿಕೊಂಡು ಬಂದ ದಿನ ಮೊಮ್ಮಗಳು ಪಕ್ಕದಲ್ಲಿ ಕೂತು ಅಜ್ಜಿಗೆ ಗಂಜಿ ಕುಡಿಸುತ್ತಿದ್ದಳು. "ತರಿಸು, ಅದನ್ನೂ ನೋಡಾಣ" ಎಂದಳು ಗಂಗಲಕ್ಷ್ಮಮ್ಮ, ಮತ್ತೊಂದು ಗುಟುಕಿಗೆ ಬಾಯಿ ತೆರೆದಳು.