ಸುಲೇಮಾಳ ಸಭೆ

ಸಭೆ ಸುಲೇಮಾಳದು. ಆದರೆ ಕಾಫಿಗೆ ಹಾಲು ಬೇಕೋ ಬೇಡವೋ ಎಂದು ಹೆಡ್‌ಮಾಸ್ಟರ್ ಬರ್ರೆತೊ ಕೇಳಿದ್ದು ಅವಳ ತಾಯಿಯನ್ನು. "ಅವಳು ಹಾಲು ಹಾಕ್ಕೊಂಡು ಕುಡೀತಾಳಾ, ದೋನ್ಯಾ ಕಾರ್ಮಿನ್?" ಹದಿನಾರು ತುಂಬಿದ ಹುಡುಗಿ ಗಾಲಿಕುರ್ಚಿಯಲ್ಲಿ ಅವನ ಎದುರಿಗೇ ಕೂತಿದ್ದಳು. ಅವಳ ಪಕ್ಕ ನೆರವಿಗೆಂದು ಕೂತಿದ್ದ ಟೀಚರ್ ನೆರೈದಾಳಿಗೆ ಮೈ ಉರಿದುಹೋಯಿತು. ಟೀಚರಮ್ಮನನ್ನು ಅಲ್ಲಿ ಕರೆಯುವ ಹಾಗೆ ಊರಿಗೆಲ್ಲ 'ಮಿಸಿ' ಆಗಿದ್ದ ನೆರೈದಾ ಇಂಥದ್ದನ್ನು ಇಪ್ಪತ್ತು ವರ್ಷದಿಂದ ನೋಡಿಕೊಂಡು ಬಂದವಳು.

ಹುಟ್ಟುವಾಗ ಮೆದುಳಿಗೆ ಪೆಟ್ಟು ಬಿದ್ದು ಸುಲೇಮಾಳ ಕಾಲಿಗೆ ಬಲವಿಲ್ಲ, ಮಾತು ನಿಧಾನ. ಬುದ್ಧಿಗೆ ಏನೂ ಆಗಿಲ್ಲ. ಪೊನ್ಸೆ ಊರಿನ ಆ ಸರ್ಕಾರಿ ಹೈಸ್ಕೂಲಿನಲ್ಲಿ ಇದನ್ನು ತಿಳಿದವರು ಕಡಿಮೆ, "ಅಯ್ಯೋ ಪಾಪ" ಅನ್ನುವವರು ಹೆಜ್ಜೆಗೊಬ್ಬರು. ಕೆಮಿಸ್ಟ್ರಿ ಲ್ಯಾಬ್ ಮಹಡಿಯ ಮೇಲಿತ್ತು. ಲಿಫ್ಟ್ ಕೆಟ್ಟು ಎರಡು ವರ್ಷ. ಲ್ಯಾಬಿನ ಅಂಕ ಇಲ್ಲದಿದ್ದರೆ ಅವಳು ಆಸೆಪಟ್ಟಿದ್ದ ಫಾರ್ಮಸಿ ಕಾಲೇಜಿನ ಬಾಗಿಲು ಮುಚ್ಚಿದ ಹಾಗೆಯೇ.

ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಇಂಥ ಮಕ್ಕಳ ಓದಿನ ಯೋಜನೆ ಬರೆಯಬೇಕೆಂದು ಕಾನೂನು. ಸೇರುವುದೇನೋ ಸೇರುತ್ತಾರೆ, ಕಾಗದ ಮಾತ್ರ ಹಿಂದಿನ ದಿನವೇ ಅಚ್ಚಾಗಿರುತ್ತದೆ. ಈ ಸಲದ್ದರಲ್ಲಿ ಹೀಗಿತ್ತು: 'ವಿದ್ಯಾರ್ಥಿನಿ ತನ್ನ ಇಷ್ಟದಿಂದ ಲೈಬ್ರರಿಯಲ್ಲಿ ಕೂತು ಕೆಮಿಸ್ಟ್ರಿ ಓದುತ್ತಾಳೆ.' ತನ್ನ ಇಷ್ಟವಂತೆ.

ಇದನ್ನು ಎದುರಿಸಲೆಂದೇ ನೆರೈದಾ ಅವಳನ್ನು ಆರು ವಾರ ತಯಾರು ಮಾಡಿದ್ದಳು. ಮೊದಲ ದಿನವೇ ಹೇಳಿದ್ದಳು: "ಇದು ನಿನ್ನ ಸಭೆ ಕಣೆ. ಏನು ಬೇಕು ಅಂತ ನೀನೇ ಹೇಳ್ಬೇಕು. ನಿನ್ನ ಪಕ್ಕ ಯಾರು ಕೂರ್ಬೇಕು ಅನ್ನೋದೂ ನಿಂದೇ."

"ನಂಗೆ... ಲ್ಯಾಬ್..." ಸುಲೇಮಾ ಶುರು ಮಾಡಿದಳು. ಕತ್ತಿನ ನರ ಬಿಗಿಯಿತು. "ಕೆಳ... ಕೆಳಗೆ..."

ಬರ್ರೆತೊ ಗಡಿಯಾರ ನೋಡಿದ. ಅದನ್ನು ಕಂಡದ್ದೇ ನೆರೈದಾಳ ತಾಳ್ಮೆ ಹರಿಯಿತು.

"ಕೆಳಗಿಂದ ಮೇಲೆ ಹೋಗೋಕೆ ಲಿಫ್ಟ್ ರಿಪೇರಿ ಮಾಡ್ಸಿ ಅಂತಿದಾಳೆ, ಸಾರ್. ಎರಡು ವರ್ಷದಿಂದ ಏನು ಕಡಿದು ಕಟ್ಟೆ ಹಾಕಿದೀರಿ?"

ಬರ್ರೆತೊಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಆಯ್ತು ಮಿಸಿ, ಬರ್ಕೋತೀನಿ. ಇಲಾಖೆಗೆ ಇನ್ನೊಂದು ಕಾಗದ ಹಾಕೋಣ." ಇನ್ನೊಂದು ಕಾಗದ, ಇನ್ನೆರಡು ವರ್ಷ. ಬರೆದವನೇ ಪೆನ್ನನ್ನು ತಾಯಿಯ ಕಡೆ ಸರಿಸಿದ.

ಸುಲೇಮಾಳ ಕೈ ಬೀಸಿತು. ಕಾಫಿ ಲೋಟ ಕಾಗದದ ಮೇಲೆ ಉರುಳಿತು.

"ಅಯ್ಯೋ ಪಾಪ," ಎಂದು ಬರ್ರೆತೊ ಕರವಸ್ತ್ರ ತೆಗೆದ.

"ಪಾಪ... ಅಲ್ಲ. ಬೇಕಂತ್ಲೇ... ಚೆಲ್ದೆ," ಅಂದಳು ಸುಲೇಮಾ. "ಮಿಸಿ... ಬಾಯಿ ಮುಚ್ಚಿ."

ನೆರೈದಾ ಬಾಯಿ ಮುಚ್ಚಿದಳು. ಮುಂದಿನ ಮಾತಿಗೆ ನಾಲ್ಕು ನಿಮಿಷ ಹಿಡಿಯಿತು. ತಾಯಿ ಎರಡು ಸಲ ತುಟಿ ಬಿಚ್ಚಿ, ಮಗಳ ಕಣ್ಣು ನೋಡಿ ಪೆನ್ನನ್ನು ಅವಳ ಕಡೆ ಸರಿಸಿದಳು. ಸುಲೇಮಾಳಿಗೆ ಲಿಫ್ಟಿನ ಗೊಡವೆಯೇ ಬೇಕಿರಲಿಲ್ಲ. ಕೆಳಗಡೆ ಅಡುಗೆ ಕಲಿಸುವ ಕೋಣೆಯಲ್ಲಿ ನೀರಿದೆ, ಗ್ಯಾಸ್ ಇದೆ, ಮಂಗಳವಾರ ಮತ್ತು ಗುರುವಾರ ಖಾಲಿ ಬಿದ್ದಿರುತ್ತದೆ. ಲ್ಯಾಬಿನ ತರಗತಿಯೇ ಕೆಳಗಿಳಿದು ಬರಲಿ. ಕೆಮಿಸ್ಟ್ರಿ ಮೇಷ್ಟ್ರನ್ನು ಅವಳು ಕೇಳಿಯೂ ಆಗಿತ್ತು, ಅವರು ಒಪ್ಪಿಯೂ ಆಗಿತ್ತು. ಹೇಗೆ ಹೇಳಬೇಕೆಂದು ಆರು ವಾರ ಕಲಿಸಿದ ನೆರೈದಾ, ಏನು ಹೇಳುತ್ತೀಯ ಎಂದು ಒಮ್ಮೆಯೂ ಕೇಳಿರಲಿಲ್ಲ.

ಬರ್ರೆತೊ ನೆರೈದಾಳ ಮುಖ ನೋಡಿದ. "ಇದು ಆಗೋ ಮಾತಾ, ಮಿಸಿ?"

"ನಾನ್... ಇಲ್ಲಿದೀನಿ," ಅಂದಳು ಸುಲೇಮಾ.

ಎಷ್ಟು ತಡಕಾಡಿದರೂ ಅವನಿಗೆ ನೆಪ ಸಿಗಲಿಲ್ಲ. 'ತನ್ನ ಇಷ್ಟದಿಂದ' ಎಂಬ ಸಾಲನ್ನು ಹೊಡೆದುಹಾಕಿಸಿ, ಅಡುಗೆ ಕೋಣೆ ಎಂದು ಬರೆಸಿ, ಸುಲೇಮಾ ತಾನೇ ಮೊದಲು ಸಹಿ ಹಾಕಿದಳು. ಕೊನೆಗೆ ಒಂದು ಸಾಲು ಉಳಿದಿತ್ತು: ಮುಂದಿನ ಸಭೆಯಲ್ಲಿ ವಿದ್ಯಾರ್ಥಿನಿಯ ನೆರವಿಗೆ ಯಾರು? ಬರ್ರೆತೊ ಕೇಳದೆಯೇ ನೆರೈದಾಳ ಹೆಸರು ಬರೆದ.

"ಹೊಡೀರಿ ಅದನ್ನ," ಅಂದಳು ಸುಲೇಮಾ. "ಮಿಸಿ... ಹೊರಗೆ ಕೂರ್ಲಿ."

ಕೆನ್ನೆಗೆ ಬಾರಿಸಿದಂತಾಯಿತು. ನೆರೈದಾಳಿಗೆ ಸಿಟ್ಟು ನೆತ್ತಿಗೇರಿತು, ಅದು ತನ್ನ ಮೇಲೆಯೇ ಎಂದು ಗೊತ್ತಿದ್ದರಿಂದ ಇಳಿಯಲೂ ಇಲ್ಲ. ಕಾಫಿ ಮೆತ್ತಿದ ಕಾಗದ ತಿರುಗಿ ಅವಳ ಮುಂದೆ ಬಂತು. ಹೊಡೆದುಹಾಕಿದ ತನ್ನ ಹೆಸರಿನ ಪಕ್ಕದಲ್ಲಿ ಅವಳು ಸಹಿ ಹಾಕಿದಳು.