ಪುಟದ ಮೇಲೆ ವಿಭೂತಿ

ಕಮಲವ್ವ ಒಂದು ಸಲ ಫೇಲಾಗಿದ್ದಳು. ಅರವತ್ತೊಂದನೆಯ ವಯಸ್ಸಿನಲ್ಲಿ, ಹೂಸ್ಟನ್ನಿನ ಪೌರತ್ವ ಕಚೇರಿಗೆ ಹೊಸ ಇಳಕಲ್ ಸೀರೆ ಉಟ್ಟುಕೊಂಡು ಹೋಗಿ ಫೇಲಾಗಿ ಬಂದಿದ್ದಳು. ಮಗ ಶ್ರೀಶೈಲ್ ಪರೀಕ್ಷೆಯ ನೂರು ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದುಕೊಟ್ಟಿದ್ದ. ರೊಟ್ಟಿ ಬಡಿಯುತ್ತಲೇ ಅಷ್ಟನ್ನೂ ಬಾಯಿಪಾಠ ಮಾಡಿದ್ದಳು. ಆದರೆ ಅಧಿಕಾರಿ, "ಮತದಾನದ ಬಗ್ಗೆ ಸಂವಿಧಾನಕ್ಕೆ ನಾಲ್ಕು ತಿದ್ದುಪಡಿಗಳಾಗಿವೆ, ಒಂದನ್ನು ವಿವರಿಸಿ" ಎಂದು ದುಭಾಷಿಯ ಮೂಲಕ ಕೇಳಿದ್ದೇ ತಡ, ಬಾಯಿಗೆ ಬೀಗ ಬಿತ್ತು. ಆಮೇಲಿನ ಪ್ರಶ್ನೆಗಳೂ ಒಂದೊಂದಾಗಿ ಕೈಕೊಟ್ಟವು.

ಉಳಿದದ್ದು ಇನ್ನೊಂದೇ ಅವಕಾಶ, 2018ರ ಜೂನ್ ತಿಂಗಳ ಮೊದಲ ಸೋಮವಾರ. ಅದೂ ತಪ್ಪಿದರೆ ಅರ್ಜಿ ವಜಾ, ಮತ್ತೆ ಮೊದಲಿನಿಂದ ಶುರು. ಅಷ್ಟು ಧೈರ್ಯ ತನ್ನಲ್ಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹದಿನೆಂಟು ವರ್ಷ ಬಾಳಿದ ಊರಿನಲ್ಲಿ ಒಂದು ಓಟು ಹಾಕಬೇಕೆಂಬ ಆಸೆ ಅಲ್ಲಿಗೆ ಮುಗಿದಂತೆಯೇ.

ಅವರಿದ್ದ ಹೂಸ್ಟನ್ನಿನ ಹೊರವಲಯದ ಮಿಸೌರಿ ಸಿಟಿಯಲ್ಲಿ ಪಕ್ಕದ ಮನೆಯ ಅರ್ನೆಸ್ಟೀನ್ ನಿವೃತ್ತ ಶಿಕ್ಷಕಿ, ಕಪ್ಪು ಜನಾಂಗದವರು, ಎಪ್ಪತ್ತನ್ನು ದಾಟಿದವರು. ಆ ಹೆಸರು ಕಮಲವ್ವನ ನಾಲಿಗೆಗೆ ಒಗ್ಗಲಿಲ್ಲ. ಬಾಗಲಕೋಟೆಯ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಕರೆಯುತ್ತಿದ್ದ ಹಾಗೆ 'ಅಕ್ಕೋರು' ಎಂದು ಕರೆದಳು. ಅಕ್ಕೋರು ವಾರಕ್ಕೆರಡು ಸಲ ಪಾಠ ಹೇಳುತ್ತಿದ್ದರು. ಕಾಲೇಜಿಗೆ ಹೋಗುವ ಮೊಮ್ಮಗಳು ಶೀತಲ್ ಎರಡೂ ಕಡೆಯ ಮಾತನ್ನು ದಾಟಿಸುತ್ತಿದ್ದಳು.

ಒಂದು ದಿನ ಕಮಲವ್ವ ಪುಸ್ತಕ ಮಡಿಚಿ ಪಕ್ಕಕ್ಕಿಟ್ಟಳು. "ನೀರು ಕುಡದಂಗ ಹೇಳ್ತೀನ್ರಿ ಅಕ್ಕೋರ. ಅಲ್ಲಿ ಹೋಗಿ ಕುಂತ್ರ ಒಂದೂ ನೆನಪಾಗಂಗಿಲ್ಲ."

ಅಕ್ಕೋರು ನಕ್ಕರು. ಆಸ್ಟಿನ್ನಿನಲ್ಲಿ ತಮ್ಮ ಮುತ್ತಜ್ಜನ ಕಾಗದವೊಂದನ್ನು ಹುಡುಕಬೇಕಿದೆ, ನೀನೂ ಬಾ, ಇದು ಬಾಯಿಪಾಠ ಮಾಡುವ ವಿಷಯವಲ್ಲ ಎಂದರು.

ಮೂರು ತಾಸಿನ ದಾರಿ. ಶೀತಲ್ ಡ್ರೈವ್ ಮಾಡುತ್ತಾ ಅಕ್ಕೋರ ಮಾತನ್ನು ತನ್ನ ಅರೆಬರೆ ಕನ್ನಡದಲ್ಲಿ ಹೇಳುತ್ತಾ ಹೋದಳು. ಮುತ್ತಜ್ಜ ಐಸಾಕ್ ಬೆಲ್ ಬ್ರಾಜೋಸ್ ನದಿಯ ದಂಡೆಯಲ್ಲಿ ಕಬ್ಬು ಕಡಿಯುತ್ತಿದ್ದ ಗುಲಾಮ. ಅಂತರ್ಯುದ್ಧ ಮುಗಿದ ಐದು ವರ್ಷದೊಳಗೆ ಸಂವಿಧಾನ ಮೂರು ಸಲ ಬದಲಾಯಿತು. ಒಂದು ತಿದ್ದುಪಡಿ ಗುಲಾಮಗಿರಿ ತೆಗೆಯಿತು. ಇನ್ನೊಂದು ಇಲ್ಲಿ ಹುಟ್ಟಿದವರೂ ಇಲ್ಲಿಗೆ ಬಂದು ಪೌರತ್ವ ಪಡೆದವರೂ ಪ್ರಜೆಗಳೇ ಎಂದಿತು. ಮತ್ತೊಂದು, ಬಣ್ಣ ನೋಡಿ ಓಟು ತಡೆಯಬಾರದು ಎಂದಿತು. ಆ ಕೊನೆಯದಕ್ಕೂ ಮೂರು ವರ್ಷ ಮೊದಲೇ, 1867ರ ಬೇಸಿಗೆಯಲ್ಲಿ, ಯುದ್ಧ ಗೆದ್ದ ಉತ್ತರದ ಸರ್ಕಾರ ಟೆಕ್ಸಸ್ಸಿನಲ್ಲಿ ಮತದಾರರ ಪಟ್ಟಿ ತೆರೆಯಿತು. ಹೆಸರು ಬರೆಸಲು ಐಸಾಕ್ ಎರಡು ದಿನ ನಡೆದನಂತೆ. ಸವೆಯಬಾರದೆಂದು ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು, ಕಚೇರಿಯ ಬಾಗಿಲಲ್ಲಿ ಹಾಕಿಕೊಂಡನಂತೆ.

"ಆಮೇಲೇನಾತು?"

"ಆಮೇಲೆ ಆ ವೋಟ್ ಕಿತ್ಕೊಂಡ್ರಂತೆ ಅಜ್ಜಿ. ಹೊಡೆದು, ಹೆದರಿಸಿ, ವೋಟಿಗೆ ಟ್ಯಾಕ್ಸ್ ಹಾಕಿ. ಅಕ್ಕೋರ ತಾಯಿ ಫಸ್ಟ್ ಟೈಮ್ ವೋಟ್ ಮಾಡಿದಾಗ ಐವತ್ತು ವರ್ಷವಂತೆ."

ಆಸ್ಟಿನ್ನಿನ ಹಳೆಯ ದಾಖಲೆಗಳ ಕಚೇರಿಯಲ್ಲಿ ಚೀಲಗಳನ್ನು ಹೊರಗಿಡಿಸಿದರು, ಕೈ ತೊಳೆಸಿದರು. ಮೆತ್ತನೆಯ ದಿಂಬುಗಳ ಮೇಲೆ ಆ ಮತದಾರರ ಪಟ್ಟಿಯ ದಪ್ಪ ಪುಸ್ತಕವನ್ನು ತಂದು ತೆರೆದಿಟ್ಟರು. ಹೆಸರುಗಳನ್ನು ಗುಮಾಸ್ತನೊಬ್ಬ ಒಂದೇ ಕೈಬರಹದಲ್ಲಿ ಬರೆದಿದ್ದ. ಎದುರಿಗೆ ಸಹಿಯ ಜಾಗದಲ್ಲಿ ಸಾಲುಸಾಲು ಕತ್ತರಿ ಗುರುತುಗಳು. ಓದು ಕಲಿಯುವ ಅವಕಾಶವೇ ಇಲ್ಲದಿದ್ದವರು ಮೊದಲ ಸಲ ಲೇಖಣಿ ಹಿಡಿದು ಎಳೆದ ಗೆರೆಗಳು. ಕೆಲವು ನಡುಗಿದ್ದವು, ಕೆಲವು ಕಾಗದ ಹರಿಯುವಷ್ಟು ಒತ್ತಿದ್ದವು. ಪುಟ ತಿರುವಿದರೂ ಅವೇ, ಮತ್ತೆ ತಿರುವಿದರೂ ಅವೇ. ಕಮಲವ್ವನ ಮೈ ಜುಮ್ಮೆಂದಿತು. ಇಷ್ಟು ಜನ! ಅದಕ್ಕೆ ಎರಡೇ ವರ್ಷ ಮುಂಚೆ ಮಾರಾಟಕ್ಕಿದ್ದ ಇಷ್ಟು ಜನ!

ಅಕ್ಕೋರ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಐಸಾಕ್ ಬೆಲ್.

ಕಮಲವ್ವ ಬಗ್ಗಿದಳು. ಮಠದ ಹೊಸ್ತಿಲಿಗೆ ಹಣೆ ಹಚ್ಚುವಂತೆ ಆ ಪುಟಕ್ಕೆ ಹಣೆ ಹಚ್ಚಿದಳು. ತಲೆ ಎತ್ತಿದಾಗ ಐಸಾಕನ ಗುರುತಿನ ಮೇಲೆ ಮೂರು ಬೆಳ್ಳನೆಯ ಪಟ್ಟೆಗಳಿದ್ದವು. ಕೈ ತೊಳೆಯಿರಿ ಎಂದಿದ್ದರೇ ಹೊರತು ಹಣೆ ತೊಳೆಯಿರಿ ಎಂದು ಯಾರೂ ಹೇಳಿರಲಿಲ್ಲ.

ಅಲ್ಲಿ ಕೆಲಸಕ್ಕಿದ್ದ ಹುಡುಗಿ ಓಡಿಬಂದಳು. ಹಿಂದೆಯೇ ಮೇಲಧಿಕಾರಿ. ಶೀತಲ್ ಮುಖ ಮುಚ್ಚಿಕೊಂಡಳು. ಕಮಲವ್ವನಿಗೆ ನೆಲ ಬಾಯ್ಬಿಡಬಾರದೇ ಎನ್ನಿಸಿತು. "ತಪ್ಪಾತ್ರಿ ಅಕ್ಕೋರ," ಎಂದು ಕೈಮುಗಿದು ಅತ್ತಳು. "ದೊಡ್ಡವರು ಕಂಡಂಗಾತು, ತಲಿ ತಾನ ಬಗ್ಗಿತು."

ಶೀತಲ್ ಅದನ್ನು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದಳು. ಮೇಲಧಿಕಾರಿಯ ಬಿಗಿದ ಮುಖ ಸ್ವಲ್ಪ ಸಡಿಲವಾಯಿತು. ಒಣ ಬೂದಿ, ಬ್ರಷ್ಷಿನಿಂದ ಹೋಗುತ್ತದೆ, ಆದರೆ ನಿಯಮದ ಪ್ರಕಾರ ಒರೆಸುವ ಮುಂಚೆ ಒಂದು ಫೋಟೋ ತೆಗೆಯಬೇಕು, ಒರೆಸಿದ ಮೇಲೆ ಒಂದು ಎಂದ. ನಿಮಗೆ ಚೊಕ್ಕಟ ಪುಟದ ಪ್ರತಿ ಕೊಡುತ್ತೇವೆ ಎಂದು ಅಕ್ಕೋರಿಗೆ ಸಮಾಧಾನ ಹೇಳಿದ.

ಅಕ್ಕೋರು ಬೇಡವೆಂದರು. ಅವರು ಹೇಳಿದ್ದನ್ನು ಶೀತಲ್ ದಾಟಿಸಿದಳು. "ಒರೆಸೋಕೆ ಮುಂಚಿನ ಫೋಟೋನೇ ಕೊಡಿ ಅಂತಿದ್ದಾರೆ ಅಜ್ಜಿ. ನೂರೈವತ್ತು ವರ್ಷದಲ್ಲಿ ಅವರ ಮುತ್ತಜ್ಜನಿಗೆ ತಲೆಬಾಗಿದ ಮೊದಲನೆಯವರು ನೀವಂತೆ."

ಆ ಸೋಮವಾರ ಅದೇ ಪೌರತ್ವ ಕಚೇರಿ, ಬೇರೆ ಅಧಿಕಾರಿ, ಪಕ್ಕದಲ್ಲಿ ದುಭಾಷಿ ವಾಸುದೇವ. ನಾಲ್ಕನೆಯದಾಗಿ ಹಿಂದೆ ತಪ್ಪಿದ್ದ ತಿದ್ದುಪಡಿಯ ಪ್ರಶ್ನೆಯೇ ಬಂತು. ಕಮಲವ್ವ ನೀರು ಕೇಳಲಿಲ್ಲ, ಸೆರಗು ತಿರುವಲಿಲ್ಲ.

"ಯಾವ ಬಣ್ಣದವರಿರಲಿ, ಓಟು ತಡಿಯೂಹಂಗಿಲ್ರಿ," ಎಂದಳು. "ಐಸಾಕ್ ಬೆಲ್ ಅಂತ ಒಬ್ಬರಿದ್ರು. ಬೂಟು ಕೈಯಾಗ ಹಿಡಕೊಂಡು ಎರಡು ದಿನ ನಡದು ಬಂದ್ರು."

ವಾಸುದೇವ ಎರಡನ್ನೂ ದಾಟಿಸಿದ. ಅಧಿಕಾರಿ ಸರಿ ಎಂದು ಗುರುತು ಹಾಕಿಕೊಂಡು ಮುಂದಿನದನ್ನು ಕೇಳಿದ. ಪಾಸಾಗಲು ಹತ್ತರಲ್ಲಿ ಆರು ಸಾಕಿತ್ತು, ಮೊದಲ ಆರೂ ಸರಿಯಾದವು.

ಕೊನೆಗೆ ಕಾಗದವನ್ನು ಅವಳ ಮುಂದೆ ಸರಿಸಿ ಸಹಿ ಮಾಡಿ ಎಂದ. ಸಹಿಯ ಖಾಲಿ ಗೆರೆ ಕಂಡೊಡನೆ ಐಸಾಕನ ಗುರುತು ನೆನಪಾಗಿ ಕಮಲವ್ವನ ತಲೆ ಬಗ್ಗತೊಡಗಿತು. ಈ ಸಲ ತಡೆದುಕೊಂಡಳು. ಕಾಲ ಕೆಳಗೆ ಬಿಟ್ಟಿದ್ದ ಚಪ್ಪಲಿ ಸರಿಯಾಗಿ ಮೆಟ್ಟಿಕೊಂಡು, ನೆಟ್ಟಗೆ ಕೂತು, ಹೆಸರು ಬರೆದಳು.