ಅರೆದು ಬಿಟ್ಟ ನಾಲ್ಕು ಹಲ್ಲು

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ಬೇಕಂತೆ ಸ್ವಾಮಿ, ದೂರು ಕೇಳುವ ಕಚೇರಿಯಲ್ಲಿ ಬೇಕೇ ಬೇಕಂತೆ! ಟೈಲರಕ್ಕ ಎಲ್ಲರೆದುರು ಬಾಯಿ ತೆರೆದು ತೋರಿಸಿದಳು. ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲು ಅರ್ಧಕ್ಕರ್ಧ ಕರಗಿ ಸಣ್ಣ ಗೂಟಗಳ ಹಾಗೆ ನಿಂತಿದ್ದವು. ಅಧಿಕಾರಿ ಮುಖ ಕಿವುಚಿ, "ಆಯ್ತಮ್ಮ, ಬಾಯಿ ಮುಚ್ಚಿ. ಸಾಕ್ಷಿ ಯಾರಿದ್ದಾರೆ?" ಎಂದರು.

ಸಾಕ್ಷಿ ಪಕ್ಕದಲ್ಲೇ ಕೂತಿದ್ದಳು. ಒಡಹುಟ್ಟಿದ ತಂಗಿ.

ಕತೆ ಇಷ್ಟೇ. ವರ್ಷಗಟ್ಟಲೆ ಹಲ್ಲಲ್ಲೇ ದಾರ ಕಚ್ಚಿ ಕಚ್ಚಿ ಟೈಲರಕ್ಕನ ಮುಂದಿನ ಹಲ್ಲುಗಳಲ್ಲಿ ಕಚ್ಚು ಬಿದ್ದಿತ್ತು. ಹಲ್ಲಿನ ಡಾಕ್ಟರು ನಾಲ್ಕನ್ನೂ ಅರೆದು, ಅಳತೆ ತೆಗೆದು, ತಾತ್ಕಾಲಿಕ ಕ್ಯಾಪ್ ಕೂರಿಸಿದ. "ದಾರ ಮಾತ್ರ ಕಚ್ಚಬೇಡಿ, ಗಟ್ಟಿ ಕ್ಯಾಪ್ ಮುಂದಿನ ವಾರ" ಅಂದ. ಮುಂದಿನ ವಾರ ಬಂತು, ಹೋಯಿತು, ಮತ್ತೆ ಬಂತು. ಬೀದಿಯವರು ಅವನಿಗೆ 'ಮುಂದಿನವಾರದ ಡಾಕ್ಟರು' ಅಂತಲೇ ಹೆಸರಿಟ್ಟರು. ಗಿರಾಕಿಯ ಬಟ್ಟೆ ಕತ್ತರಿಸಿ ಹೊಲಿಯದೆ ಬಿಟ್ಟರೆ ಟೈಲರಕ್ಕನನ್ನು ಯಾರಾದರೂ ಸುಮ್ಮನೆ ಬಿಡುತ್ತಿದ್ದರೇ? ಕೊನೆಗೆ ತಾತ್ಕಾಲಿಕದವೂ ಒಂದೊಂದಾಗಿ ಉದುರಿದಾಗ ಆ ಪುಣ್ಯಾತ್ಮ ಪ್ಲೇಟು ತಿರುಗಿಸಿದ: "ನೀವೇ ದಾರ ಕಚ್ಚಿ ಒಡ್ಕೊಂಡಿದ್ದೀರಿ. ನನ್ನ ಜವಾಬ್ದಾರಿ ಮುಗೀತು."

ಕಚ್ಚಿದ್ದಳೇ? ದೇವರಾಣೆಗೂ ಇಲ್ಲ. ಮೊದಮೊದಲು ಅಭ್ಯಾಸಬಲದಿಂದ ದಾರ ಬಾಯಿಗೆ ಹೋಗುತ್ತಿದ್ದದ್ದು ನಿಜ. ಆಗೆಲ್ಲ ಪಕ್ಕದ ಮಿಷನ್ನಿನಿಂದ ತಂಗಿ, "ಅಕ್ಕಾ, ಹಲ್ಲು!" ಎಂದು ಕೂಗಿ ಕತ್ತರಿ ಕೈಗಿಡುತ್ತಿದ್ದಳು. ಅದನ್ನು ಕಂಡವಳು ಅವಳೊಬ್ಬಳೇ. ಟೈಲರಕ್ಕ ಪರಿಹಾರ ಗಿರಿಹಾರ ಏನೂ ಕೇಳಿರಲಿಲ್ಲ. ಶುರು ಮಾಡಿದ್ದನ್ನು ಮುಗಿಸಿಕೊಡಲಿ, ನಾಲ್ಕು ಜನರ ಮುಂದೆ ಬಾಯಿಗೆ ಕೈ ಅಡ್ಡ ಹಿಡಿಯದೆ ಮಾತಾಡುವಂತಾಗಲಿ, ಅಷ್ಟೇ.

ಅಧಿಕಾರಿ ತಂಗಿಯತ್ತ ತಿರುಗಿದರು. "ಕ್ಯಾಪ್ ಹಾಕಿಸ್ಕೊಂಡ ಮೇಲೆ ನಿಮ್ಮಕ್ಕ ದಾರ ಕಚ್ಚಿದ್ದು ನೋಡಿದ್ದೀರಾ?"

ತಂಗಿ ನೆಲ ನೋಡಿದಳು. "ಕಚ್ತಿದ್ಲು ಸಾರ್. ಎಷ್ಟ್ ಹೇಳಿದ್ರೂ ಕೇಳ್ತಿರ್ಲಿಲ್ಲ."

"ಏನೇ ಅಂದೆ? ಸುಳ್ಳು ಸಾರ್, ಸುಳ್ಳು!" ಎಂದು ಟೈಲರಕ್ಕ ಎದ್ದು ಕೂಗಿದಳು. ಅರೆದ ಹಲ್ಲುಗಳ ಸಂದಿಯಲ್ಲಿ ಗಾಳಿ ನುಗ್ಗಿ ಮಾತು ತೊದಲಿತು. ಮೂಲೆಯ ಗುಮಾಸ್ತ ನಗು ನುಂಗಿಕೊಂಡ.

"ಒಡಹುಟ್ಟಿದೋರೇ ಹೇಳ್ತಿದ್ದಾರಲ್ಲ ಸಾರ್, ಇನ್ನೇನು ಬೇಕು?" ಎಂದ ಎದುರು ಕುರ್ಚಿಯಲ್ಲಿದ್ದ ಡಾಕ್ಟರು. ಅಧಿಕಾರಿಗೂ ಇನ್ನೇನೂ ಬೇಕಿರಲಿಲ್ಲ. ದೂರು ವಜಾ ಆಯಿತು.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಟೈಲರಕ್ಕ ಹೊರಗಿನ ಬಸ್ ಸ್ಟಾಪಿಗೆ ಬಿರಬಿರನೆ ನಡೆದಳು. ತಂಗಿಯೇ ಹಿಂದಿನಿಂದ ಓಡೋಡಿ ಬಂದಳು.

"ಅಕ್ಕಾ, ಬೈದುಬಿಡು. ನನ್ ಮಗಳ ಹಲ್ಲಿಗೂ ಅವನೇ ತಂತಿ ಕಟ್ಟಿರೋದು, ಅರ್ಧ ಕೆಲಸ ಬಾಕಿ ಇದೆ. ನಿನ್ ಪರ ಹೇಳಿದ್ರೆ ಮತ್ತೆ ಅವಳ ಬಾಯಿ ಮುಟ್ಟಲ್ಲ ಅಂದ. ಹೆಣ್ ಹುಡುಗಿ ಅಕ್ಕಾ, ನಿನ್ ಥರಾನೇ ಆಗ್ಬಿಟ್ರೆ?"

ಟೈಲರಕ್ಕ ಅವಳ ಮುಖವನ್ನೇ ನೋಡಿದಳು.

"ಅವಳೇನು ನಂಗೆ ಮಗಳಲ್ವೇನೇ? ಬೆಳಿಗ್ಗೆ ಬಸ್ಸಲ್ಲಿ ನನ್ ಭುಜಕ್ಕೆ ಒರಗಿ ಕೂತ್ಕೊಂಡು ಬಂದ್ಯಲ್ಲ, ಆಗ ಒಂದೇ ಒಂದು ಮಾತು ಹೇಳಿದ್ರೆ ದೂರು ನಾನೇ ವಾಪಸ್ ತಗೋತಿದ್ದೆ. ಹಾಳಾಗ್ ಹೋಗ್ಲಿ ಈ ಹಲ್ಲು ಅಂತಿದ್ದೆ. ಅಷ್ಟೂ ಜನರ ಮುಂದೆ ನನ್ನನ್ನ ಸುಳ್ಳುಗಾತಿ ಮಾಡಿದ್ಯಲ್ಲೇ!"

"ನೀನು ಒಪ್ಪಲ್ಲ ಅಂದ್ಕೊಂಡೆ" ಎಂದಳು ತಂಗಿ, ಸಣ್ಣಗೆ.

ಡಾಕ್ಟರು ಕೈಕೊಟ್ಟಾಗ ಟೈಲರಕ್ಕ ಅವನ ಏಳು ತಲೆಮಾರನ್ನೂ ಜಾಲಾಡಿದ್ದಳು. ಈಗ ಒಂದು ಬೈಗುಳವೂ ಬಾಯಿಗೆ ಬರಲಿಲ್ಲ. ಹುಟ್ಟಿದಾಗಿನಿಂದ ಜೊತೆಗಿದ್ದವಳು ತನ್ನನ್ನು ಇಷ್ಟೇ ಅಂತ ಅಳೆದಿದ್ದಳಲ್ಲ!

ಬಸ್ಸು ಬಂತು. ತಂಗಿ ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದು, "ಬಾ ಅಕ್ಕಾ" ಎಂದು ಕರೆದಳು.

ಟೈಲರಕ್ಕ ಹತ್ತಲಿಲ್ಲ.